ಟ್ಯಾಂಕರ್ ಹಾಡಿನ ಕೂಗು

ಟಿ. ದಾಸರಹಳ್ಳಿ
3 ಫೆಬ್ರವರಿ 2025

ದಿವ್ಯಾ,

ಎರಡು ವರ್ಷದಿಂದ ನಿನಗೆ ಹೇಳದೆ ಮುಚ್ಚಿಟ್ಟ ವಿಷಯ ಒಂದಿದೆ. ನಾನು ಪಾಲಿಟೆಕ್ನಿಕ್‌ನಲ್ಲಿ ಓದುತ್ತಿಲ್ಲ. ಯಾವ ಪಾಲಿಟೆಕ್ನಿಕ್ಕಿನ ಗೇಟನ್ನೂ ದಾಟಿದವನಲ್ಲ. ಒಂಬತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟೆ. ಪೀಣ್ಯದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಓಡಿಸುತ್ತೇನೆ. ತಗಡು ಇಡುವುದು, ಕಾಲಿನಿಂದ ಪೆಡಲ್ ತುಳಿಯುವುದು, ಮೇಲಿಂದ ಪ್ರೆಸ್ಸು ಬಂದು ಬಡಿಯುತ್ತದೆ, ತಗಡು ವಾಷರ್ ಆಗಿ ಕೆಳಗೆ ಬೀಳುತ್ತದೆ. ಮತ್ತೆ ತಗಡು ಇಡುವುದು. ನೀನು ಲ್ಯಾಪ್‌ಟಾಪಿನಲ್ಲಿ ‘ಲ್ಯಾಬ್ ಸೌಂಡ್ಸ್’ ಅಂತ ಹೆಸರಿಟ್ಟು ಜೋಡಿಸಿಟ್ಟಿದ್ದೀಯಲ್ಲ, ಅಷ್ಟೂ ಆ ಶೆಡ್ಡಿನ ಸದ್ದು. ನಮ್ಮ ಹಾಡುಗಳ ತಾಳ ಅಂದರೆ ನಾನು ದುಡಿಯುವ ಸದ್ದು, ಅಷ್ಟೇ.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಹಾಡಿನ ಒಪ್ಪಂದಕ್ಕೆ ಸಹಿ ಮಾಡುವ ಮುಂಚೆ ಪ್ರತಿ ಸದ್ದೂ ಎಲ್ಲಿಯದು ಅಂತ ಮ್ಯೂಸಿಕ್ ಕಂಪನಿಯ ವಸಂತ್ ಸಾರ್ ಕೇಳುತ್ತಿದ್ದಾರೆ ಅಂತ ನೀನು ಬರೆದಿದ್ದೆ. ‘ಲ್ಯಾಬ್’ ಅಂತ ಬರೆದುಬಿಡಬಹುದಿತ್ತು. ಬರೆಯಲು ಕೂತೆ. ಕೈ ಓಡಲಿಲ್ಲ.

ಸುಳ್ಳು ಹುಟ್ಟಿದ್ದು ವೈಟ್‌ಫೀಲ್ಡಿನ ಆ ಬಿಯರ್ ಅಂಗಡಿಯಲ್ಲಿ, ಯಾರು ಬೇಕಾದರೂ ಹತ್ತಿ ಹಾಡುವ ಮೈಕಿನ ಮುಂದೆ. ನೆನಪಿದೆಯಾ? ಬಸ್ಸು ಇಳಿಯುವಾಗ ಒಂದು ಚಪ್ಪಲಿ ಹೋಯಿತು ಅಂತ ನೀನು ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಹಾಡಿದೆ. ಹಾಡಿ ಇಳಿದವಳು ನೇರವಾಗಿ ನನ್ನ ಹತ್ತಿರ ಬಂದು, “ಏನ್ ಓದ್ತಿದೀಯ?” ಅಂದೆ. ಸುತ್ತ ಕೊರಳಿಗೆ ಕಂಪನಿ ಕಾರ್ಡ್ ನೇತುಹಾಕಿಕೊಂಡ ಜನ. “ಡಿಪ್ಲೊಮಾ” ಅಂದುಬಿಟ್ಟೆ. ನಮ್ಮ ಜೋಡಿಗೆ ‘ಒಂಟಿ ಚಪ್ಪಲಿ’ ಅಂತ ಹೆಸರು ಬಂದ ದಿನವೇ ಈ ಸುಳ್ಳೂ ಬಂತು.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಹಾಡಿಗೆ ಸಂಬಂಧಪಟ್ಟಿದ್ದನ್ನು ಫೋನಿನಲ್ಲಿ ಮಾತಾಡಬಾರದು, ತಾರೀಖು ಹಾಕಿ ಮೇಲ್‌ನಲ್ಲಿ ಬರೆಯಬೇಕು ಅಂತ ನಾವೇ ಮಾಡಿಕೊಂಡ ನಿಯಮ. ಫೋನಿನಲ್ಲಾದರೆ ನೀನು “ಸೂಪರ್” ಅಂತೀಯ, ನಾನು “ಸಕ್ಕತ್” ಅಂತೀನಿ, ಹಾಡು ಕೆಟ್ಟಿದೆ ಅಂತ ಇಬ್ಬರಿಗೂ ಗೊತ್ತಿರುತ್ತದೆ. ಎದುರಿಗೆ ಬಂದು ಹೇಳೋಣ ಅಂದರೆ, ಇಲ್ಲಿಂದ ವರ್ತೂರಿಗೆ ಬರುವಷ್ಟರಲ್ಲಿ ತುಮಕೂರಿಗೆ ಹೋಗಿ ಊಟ ಮಾಡಿಕೊಂಡು ವಾಪಸ್ ಬರಬಹುದು.

ಇನ್ನು ನೀನು ಬೈಯಬಹುದು.

ಲಿಖಿತ್


ವರ್ತೂರು
5 ಫೆಬ್ರವರಿ 2025

ಲೋ ಲಿಖಿತ್,

ಥೂ ನಿನ್ನ. ಇದು ಬೈಗುಳ, ಮುಗೀತು.

ಅಲ್ಲ ಕಣೋ, ಪ್ರತಿ ಸಲ ‘ಎಕ್ಸಾಮ್ ಇದೆ’ ಅಂತ ಎರಡೆರಡು ವಾರ ಮಾಯ ಆಗ್ತಿದ್ದೆಯಲ್ಲ, ಅದೇನು? ಓವರ್‌ಟೈಮಾ? ನಮ್ಮಮ್ಮ ನಿನ್ನ ಹೆಸರಲ್ಲಿ ಗಣಪತಿ ಗುಡಿಯಲ್ಲಿ ಅರ್ಚನೆ ಮಾಡಿಸಿದ್ದಾಳೆ, ಹುಡುಗ ಪಾಸಾಗಲಿ ಅಂತ. ಆ ಅರ್ಚನೆಗೆ ನಿನ್ನ ಬದಲು ಯಾವನು ಪಾಸಾದನೋ.

ಅಪ್ಪನಿಗೆ ಹೇಳಿದೆ. ಬಾಡಿಗೆ ಮನೆಗಳ ಮುಂದೆ ನಿಂತು ಟ್ಯಾಂಕರ್‌ನಿಂದ ಸಂಪಿನೊಳಕ್ಕೆ ನೀರು ಬಿಡಿಸುತ್ತಿದ್ದರು. “ನಿನ್ನ ಜೊತೆ ಆಡು ಕಟ್ಟೋ ಉಡುಗ ಪೀಣ್ಯದಾಗೆ ಪ್ರೆಸ್ ಓಡಿಸ್ತಾನಾ? ಅಂಗಾದ್ರೆ ಅವನ ಕೈಲಿ ಒಂದು ಕೆಲಸ ಐತೆ. ನಿನ್ನ ಕೈಲಿ ಏನೈತೆ?” ಅಂದರು. ನಿನ್ನ ಸುಳ್ಳು ಹೊರಬಿದ್ದರೂ ಏಟು ತಿಂದಿದ್ದು ನಾನೇ ನೋಡು.

ನಿಜ ಹೇಳಲಾ? ನನಗೆ ಖುಷಿಯಾಯಿತು. ಯಾವುದೋ ಲ್ಯಾಬಿನಲ್ಲಿ ಯಾರೋ ಮೇಷ್ಟರು ಆನ್ ಮಾಡಿದ ಮೆಷೀನು ಅಂದುಕೊಂಡಿದ್ದೆ. ಇದು ನಿನ್ನ ಕಾಲು ತುಳಿದ ಏಟು. ವಸಂತ್ ಸಾರ್‌ಗೂ ಹೇಳಿದೆ. “ವಾವ್ ಮೇಡಂ, ಇದೇ ನಮ್ಮ ಯುಎಸ್‌ಪಿ” ಅಂತ ಕುಣಿದಾಡಿದರು.

22ನೇ ತಾರೀಖು ಶನಿವಾರ ಸಂಜೆ ವೈಟ್‌ಫೀಲ್ಡಿನಲ್ಲಿ ಕಂಪನಿಯ ಹೆಸರಿನಲ್ಲಿ ನಮ್ಮ ಹಾಡಿನ ಲಾಂಚ್. ಅಲ್ಲೇ ಸಹಿ. ಇಬ್ಬರೂ ಹಾಕಬೇಕು. ಲಿಖಿತ್, ಇದು ನನಗೆ ಎಷ್ಟು ಮುಖ್ಯ ಅಂತ ನಿನಗೆ ಗೊತ್ತು. ಯುಗಾದಿವರೆಗೆ ಮಾತ್ರ ಮೇಲಿನ ಕೋಣೆ ನನ್ನದು. ಆಮೇಲೆ ಅದನ್ನೂ ಬಾಡಿಗೆಗೆ ಕೊಡುತ್ತಾರೆ, ನನ್ನನ್ನು ಹೊಸಕೋಟೆ ಕಡೆಯ ಗಂಡಿಗೆ ತೋರಿಸುತ್ತಾರೆ. ‘ಹಾಡು ನನ್ನ ಕೆಲಸ’ ಅಂತ ಅಪ್ಪನ ಮುಂದೆ ಇಡಲು ನನ್ನ ಹತ್ತಿರ ಇರುವುದು ಆ ಕಂಪನಿ ಕಾಗದ ಒಂದೇ.

ಎಲ್ಲ ಸದ್ದಿಗೂ ಉತ್ತರ ಬರೆದಾಯಿತು. ‘ಟ್ಯಾಂಕರ್ ಬಂತು’ ಹಾಡಿನ ಆ ಕೂಗು ಒಂದು ಉಳಿದಿತ್ತು. ಹಾರ್ನ್ ನಿಂತು, ಎಲ್ಲ ಸುಮ್ಮನಾಗಿ, ‘ಆ...’ ಅಂತ ಕೂಗು, ಅದರ ಹಿಂದೆಯೇ ಧಡ್ ಅಂತ ಏಟು. ಜನ ಬಕೆಟ್ ಎತ್ತಿ ತಲೆ ಮೇಲೆ ನೀರು ಸುರಿದುಕೊಂಡು ರೀಲ್ಸ್ ಮಾಡುವುದು ಆ ಕೂಗಿಗೇ. ವಸಂತ್ ಸಾರ್ ಹೇಳುವ ಪ್ರಕಾರ ಹಾಡು ಅಂದರೆ ಅದೇ, ಉಳಿದಿದ್ದೆಲ್ಲ ಅದಕ್ಕೆ ದಾರಿ. ‘ಧ್ವನಿ: ಲಿಖಿತ್’ ಅಂತ ಬರೆದು ಕಳಿಸಿಬಿಟ್ಟಿದ್ದೀನಿ. ಸರಿ ತಾನೇ?

ದಿವ್ಯಾ


ಟಿ. ದಾಸರಹಳ್ಳಿ
6 ಫೆಬ್ರವರಿ 2025, ಬೆಳಿಗ್ಗೆ

ದಿವ್ಯಾ,

ನನ್ನ ಧ್ವನಿಯಾ? ಅದು ನಿನ್ನದಲ್ಲವಾ?

ನೀನು ಕೂಗಿ, ಮೆಷೀನಿನಲ್ಲಿ ಧ್ವನಿ ದಪ್ಪ ಮಾಡಿದ್ದೀಯ ಅಂದುಕೊಂಡಿದ್ದೆ. ಶೆಡ್ಡಿನಲ್ಲಿ ಎಲ್ಲರಿಗೂ ಹಾಗೇ ಹೇಳಿಕೊಂಡು ತಿರುಗಿದ್ದೇನೆ. ನಾನು ಯಾವತ್ತೂ ಹಾಗೆ ಕೂಗಿಲ್ಲ. ಎಲ್ಲಿಂದ ತೆಗೆದೆ ಅದನ್ನು?

ಲಿಖಿತ್


ವರ್ತೂರು
6 ಫೆಬ್ರವರಿ 2025, ಸಂಜೆ

ಲಿಖಿತ್,

ತಮಾಷೆ ಮಾಡಬೇಡ. ಅದು ನೀನೇ ಕಳಿಸಿದ ಫೈಲಿನಲ್ಲಿತ್ತು. ಸೆಪ್ಟೆಂಬರಿನಲ್ಲಿ ಒಂದು ಕಟ್ಟು ಕಳಿಸಿದ್ದೆಯಲ್ಲ, ಅದರಲ್ಲಿ ಆಗಸ್ಟ್ 21ನೇ ತಾರೀಖಿನದು. ಮೂಲದಲ್ಲಿ ಕೂಗು ಇನ್ನೂ ಸಣ್ಣ ಧ್ವನಿ, ಕೀರಲು. ನೀನು ಹುಡುಗಿ ಥರ ಕಿರುಚಿ ಆಟ ಆಡಿದ್ದೀಯ ಅಂದುಕೊಂಡು ಧ್ವನಿ ಇಳಿಸಿದೆ. ಅದರ ಹಿಂದೆ ಯಾರೋ ಓಡುವುದು, ಕಿರುಚಾಡುವುದು ಎಲ್ಲ ಇತ್ತು. ಲ್ಯಾಬಿನಲ್ಲಿ ಹುಡುಗರ ಗಲಾಟೆ, ಮೇಷ್ಟರು ಬಂದಿರಬೇಕು ಅಂತ ನಗುತ್ತಾ ಕತ್ತರಿಸಿ ಹಾಕಿದ್ದೆ.

ಮೂಲ ಫೈಲನ್ನು ವಾಪಸ್ ಕಳಿಸುತ್ತಿದ್ದೀನಿ. ಅದು ಲ್ಯಾಬ್ ಅಲ್ಲ ಅಂತ ಈಗ ಗೊತ್ತು. ನಾನು ಮತ್ತೊಮ್ಮೆ ಕೇಳಿದೆ. ಪೂರ್ತಿ ಕೇಳಲು ಆಗಲಿಲ್ಲ. ನೀನು ಕೇಳಿ ಹೇಳು.

ದಿವ್ಯಾ


ಟಿ. ದಾಸರಹಳ್ಳಿ
9 ಫೆಬ್ರವರಿ 2025

ದಿವ್ಯಾ,

ಕೇಳಿದೆ. ಬರೆಯಲು ಕೂತು ಎದ್ದು, ಕೂತು ಎದ್ದು, ಇವತ್ತು ಭಾನುವಾರ ಆಯಿತು.

ಅಮರಪ್ಪಣ್ಣ ಅಂತ ನಮ್ಮ ಶೆಡ್ಡಿನಲ್ಲಿ ಒಬ್ಬರಿದ್ದಾರೆ. ನನಗೆ ಪ್ರೆಸ್ಸು ಕಲಿಸಿದವರು ಅವರೇ. ಹಾಡು ಬರೆಯುತ್ತೇನೆ ಅಂದಾಗ ನಗದೇ ಇದ್ದವರು ಶೆಡ್ಡಿನಲ್ಲಿ ಅವರೊಬ್ಬರೇ. ನನ್ನ ಪಕ್ಕದ ಪ್ರೆಸ್ಸು ಅವರದು. ಆಗಸ್ಟ್ 21ರಂದು ಆ ಪ್ರೆಸ್ಸಿನಲ್ಲಿ ಅವರ ಬಲಗೈಯ ಎರಡು ಬೆರಳು ಹೋದವು.

ನಾನು ಆಗ ಅಲ್ಲಿರಲಿಲ್ಲ. ಟೀಗೆ ಹೋಗಿದ್ದೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗಿದ್ದೆ. ನಾನಿಲ್ಲದಾಗ ಶೆಡ್ಡು ಹೇಗೆ ಸದ್ದು ಮಾಡುತ್ತದೆ ಅಂತ ಕೇಳುವ ಆಸೆ. ವಾಪಸ್ ಬಂದಾಗ ಎಲ್ಲ ಪ್ರೆಸ್ಸೂ ನಿಂತಿದ್ದವು. ಅಣ್ಣನನ್ನು ಆಟೋದಲ್ಲಿ ಕರೆದುಕೊಂಡು ಹೋಗಿಯಾಗಿತ್ತು. ಗ್ಲೌಸು ನೆಲದ ಮೇಲಿತ್ತು. ಫೋನು ಎತ್ತಿಕೊಂಡೆ, ಆಫ್ ಮಾಡಿದೆ. ಆಮೇಲೆ ಆ ಕಡೆ ತಿರುಗಿ ನೋಡಲಿಲ್ಲ. ನೀನು ‘ಸದ್ದು ಕಳಿಸೋ, ಸದ್ದು ಕಳಿಸೋ’ ಅಂತ ಪೀಡಿಸುತ್ತಿದ್ದೆ. ಒಂದು ದಿನ ಇದ್ದಿದ್ದನ್ನೆಲ್ಲ ಒಟ್ಟಿಗೆ ಕಳಿಸಿಬಿಟ್ಟೆ, ಒಂದನ್ನೂ ಕೇಳದೆ.

ಅವರ ಕೂಗು ಅದು ದಿವ್ಯಾ. ನೋವಿನಲ್ಲಿ ಗಂಡಸಿನ ಧ್ವನಿಯೂ ಅಷ್ಟು ಮೇಲಕ್ಕೆ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅದರ ಮೇಲೆ ನಾವು ಹಾಡು ಕಟ್ಟಿದ್ದೇವೆ. ರಾಜ್ಯೋತ್ಸವದ ಪೆಂಡಾಲಿನಲ್ಲಿ ಮೂರು ಸಲ ಹಾಕಿಸಿ ಕುಣಿದಿದ್ದೇನೆ.

ಇನ್ನೊಂದು ಕೇಳು. ಅಣ್ಣ ಈಗ ಪ್ರೆಸ್ಸಿಗೆ ಹೋಗುವುದಿಲ್ಲ, ಸ್ಟೋರಿನಲ್ಲಿ ಕೂರುತ್ತಾರೆ. ಶುಕ್ರವಾರ ಬೋಲ್ಟ್ ತರಲು ಹೋಗಿದ್ದೆ. ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ರಿಂಗ್‌ಟೋನು ನಮ್ಮ ಹಾಡು. ಎಡಗೈಯಲ್ಲಿ ಫೋನು ತೆಗೆದರು, ಆದರೆ ಎತ್ತಲಿಲ್ಲ.

“ಎತ್ತಣ್ಣ” ಅಂದೆ.

“ತಡಿಯೋ. ಅಲ್ಲೀಗಂಟ ಬರ್ಬೇಕು.”

ಕೂಗು ಬಂತು, ಏಟು ಬಂತು. ತಲೆ ಅಲ್ಲಾಡಿಸಿ, ನನ್ನ ಕಡೆ ನೋಡಿ ನಕ್ಕು, ಆಮೇಲೆ “ಹಲೋ” ಅಂದರು.

ಅದನ್ನು ತೆಗೆದುಬಿಡು. ಹಾಡು ಸತ್ತರೂ ಪರವಾಗಿಲ್ಲ.

ಲಿಖಿತ್


ವರ್ತೂರು
11 ಫೆಬ್ರವರಿ 2025

ಲಿಖಿತ್,

ತೆಗೆದೆ. ತೆಗೆದು ಕೇಳಿದೆ. ಅಲ್ಲಿ ಏನೂ ಇಲ್ಲ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುತ್ತದಲ್ಲ, ಹಾಗೆ ಕಿವಿ ಅಲ್ಲಿಗೇ ಹೋಗುತ್ತದೆ.

ಆಮೇಲೆ ನಾನೇ ಕೂಗಿ ಹಾಕೋಣ ಅಂತ ಬೆಳಿಗ್ಗೆಯಿಂದ ಕೋಣೆಯಲ್ಲಿ ಕಿರುಚಿದ್ದೀನಿ. ಕೆಳಗಿನ ಮನೆಯ ಒಡಿಶಾದ ಹುಡುಗ ಕೋಲು ಹಿಡಿದುಕೊಂಡು ಓಡಿ ಬಂದ, “ಮೇಡಂ, ಹಾವಾ?” ಅಂತ. ಅಮ್ಮ ಮೆಟ್ಟಿಲ ಕೆಳಗಿನಿಂದ, “ಇವಳಿಗೆ ಗಾಳಿ ಮೆಟ್ಕೊಂಡೈತೆ, ಮದುವೆ ಮಾಡ್ರೀ ಬೇಗ” ಅಂತಿದ್ದಳು. ಒಂದು ಕೂಗೂ ಸರಿಯಾಗಿಲ್ಲ. ಎಲ್ಲದರಲ್ಲೂ ನಾನು ಹಾಡುತ್ತಿದ್ದೀನಿ. ಆ ಫೈಲಿನಲ್ಲಿ ಯಾರೂ ಹಾಡುತ್ತಿಲ್ಲ.

ಒಳ್ಳೆಯದನ್ನು ಆರಿಸಿ ವಸಂತ್ ಸಾರ್‌ಗೆ ಕಳಿಸಿದೆ. ಅರ್ಧ ಗಂಟೆಗೆ ಉತ್ತರ: ‘ಹಳೇದೇ ಇರಲಿ. ಇಲ್ಲಾಂದ್ರೆ ಡೀಲ್ ಮತ್ತೆ ಯೋಚಿಸಬೇಕಾಗುತ್ತೆ.’

ಈಗ ನಾನು ಹೇಳುವುದು ನಿನಗೆ ಹಿಡಿಸುವುದಿಲ್ಲ. ಆ ಅಣ್ಣನಿಗೆ ಅದು ಇಷ್ಟ. ಕೂಗು ಬರುವವರೆಗೆ ಫೋನು ಎತ್ತುವುದಿಲ್ಲ ಅಂತ ನೀನೇ ಬರೆದಿದ್ದೀಯ. ಅವರ ಪಾಲಿಗೆ ಅದು ಬರೀ ಹಾಡು. ಅದರಿಂದ ಅವರಿಗೆ ಸಿಗುತ್ತಿರುವುದು ಖುಷಿ. ನೀನು ಹೋಗಿ ಸತ್ಯ ಹೇಳಿದರೆ ಅವರಿಗೆ ಏನು ಸಿಗುತ್ತದೆ? ನಿನ್ನ ಎದೆ ಹಗುರವಾಗುತ್ತದೆ, ಅವರ ಎದೆ ಭಾರವಾಗುತ್ತದೆ. ನಿನ್ನ ಈ ನಿಜ ಹೇಳುವ ಹಟ ಇದೆಯಲ್ಲ, ಅದರಲ್ಲಿ ಸ್ವಲ್ಪ ಸ್ವಾರ್ಥ ಇದೆ ಕಣೋ.

ಹಾಗೆ ನೋಡಿದರೆ ಇದರಲ್ಲಿ ನನ್ನ ಸ್ವಾರ್ಥವೂ ಇದೆ. ಇಲ್ಲ ಅನ್ನುವುದಿಲ್ಲ.

ಆ ಜಾಗ ಯಾಕೆ ಹಾಗೆ ಹಿಡಿಯುತ್ತದೆ ಅಂತ ನನಗೆ ಮಾತ್ರ ಗೊತ್ತು. ಕೂಗು ಮೊದಲು, ಏಟು ಆಮೇಲೆ. ಯಾರಾದರೂ ಬೀಟ್ ಮಾಡಿದ್ದರೆ ಏಟು ಮೊದಲು ಇಟ್ಟು ಕೂಗು ಹಿಂದೆ ಇಡುತ್ತಿದ್ದರು. ನಾನು ಹಿಂದೆ ಮುಂದೆ ಮಾಡಿಲ್ಲ. ಫೈಲಿನಲ್ಲೇ ಹಾಗಿತ್ತು. ಕೇಳಿದವರು ಆ ಏಟಿಗೆ ಕಾಯುವುದು ಅದಕ್ಕೇ.

ಹೇಳಬೇಡ ಲಿಖಿತ್. ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿರು.

ದಿವ್ಯಾ


ಟಿ. ದಾಸರಹಳ್ಳಿ
16 ಫೆಬ್ರವರಿ 2025

ದಿವ್ಯಾ,

ಹೇಳಿದೆ.

ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ, ನಿನ್ನ ಮೇಲಾಣೆ. ಆದರೆ ಕೂಗು ಮೊದಲು, ಏಟು ಆಮೇಲೆ ಅಂತ ನೀನು ಬರೆದಿದ್ದು ತಲೆಯಲ್ಲಿ ಸಿಕ್ಕಿಕೊಂಡಿತು. ಪ್ರೆಸ್ಸು ಬೀಳುವ ಮುಂಚೆ ಮನುಷ್ಯ ಯಾಕೆ ನೋವಿನಿಂದ ಕೂಗುತ್ತಾನೆ? ಎಷ್ಟು ಸಲ ಕೇಳಿದರೂ ಕೂಗೇ ಮೊದಲು. ಇವತ್ತು ಅಣ್ಣನ ಮನೆಗೆ ಹೋದೆ. ಇಲ್ಲೇ, ಎರಡು ಬೀದಿ ಆಚೆ. ಪದ್ಮಾವತಕ್ಕ, ಅವರ ಹೆಂಡತಿ, ಉಪ್ಪಿಟ್ಟು ಹಾಕಿಕೊಟ್ಟರು. ಮುಟ್ಟಲಿಲ್ಲ.

ಎಲ್ಲ ಹೇಳಿ ಮೂಲ ಫೈಲು ಹಾಕಿದೆ. ಅಣ್ಣ ಫೋನಿಗೆ ಕಿವಿಗೊಟ್ಟು ಕೂತರು. ಕೂಗು ಬಂತು. ಅವರ ಮುಖ ನೋಡಬಾರದು ಅಂದುಕೊಂಡಿದ್ದೆ, ನೋಡಿಬಿಟ್ಟೆ. ಬಿಳಿಚಿಕೊಂಡಿತ್ತು.

“ಇನ್ನೊಂದ್ಸಲ ಹಾಕು” ಅಂದರು.

ಹಾಕಿದೆ.

“ಇದು ನಾನಲ್ಲ ಕಣೋ.”

“ಅಣ್ಣ, ನೋವಲ್ಲಿ ಧ್ವನಿ ಹಂಗಾಗಿರುತ್ತೆ.”

“ಲೇ, ನನ್ ಕೈ ಓದಾಗ ನಾನು ಬಾಯೇ ಬಿಡ್ಲಿಲ್ಲ. ನೋವು ಬಂದಿದ್ದು ಆಟೋದಾಗೆ. ಅಲ್ಲೀಗಂಟ ಸುಮ್ನೆ ಗ್ಲೌಸು ನೋಡ್ತಾ ನಿಂತಿದ್ದೆ. ಇದು ಈಶ್ವರಮ್ಮಂದು.”

ಈಶ್ವರಮ್ಮ ಯಾರು ಅಂತ ನಿನಗೆ ಹೇಳಬೇಕು. ಅಣ್ಣನ ಪ್ರೆಸ್ಸಿನ ಎದುರು ಕೂತು ವಾಷರಿನ ಚೂಪು ಅಂಚನ್ನು ಉಜ್ಜಿ ಚೀಲಕ್ಕೆ ತುಂಬುತ್ತಿದ್ದ ಹೆಂಗಸು. ನಮ್ಮ ತಾಯಿಯ ವಯಸ್ಸಿನವರು. ಬೆರಳು ಹೋದ ಮೇಲೆ ಸೂಪರ್‌ವೈಸರ್ ಶ್ಯಾಮಣ್ಣ ಎಲ್ಲರ ಮುಂದೆ ಹೇಳಿದ್ದು ಇದು: “ಈವಮ್ಮ ಸುಮ್ಸುಮ್ನೆ ಕಿರುಚಿಕೊಂಡ್ಳು, ಅವನು ಬೆಚ್ಚಿಬಿದ್ದು ಪೆಡಲ್ ತುಳ್ದ.” ಶೆಡ್ಡಿಗೆ ಶೆಡ್ಡೇ ನಂಬಿತು. ನಾನೂ ನಂಬಿದೆ. ಅವರು ಒಬ್ಬರೇ ಕೂತು ಊಟ ಮಾಡುತ್ತಿದ್ದರು. “ಅಕ್ಕ, ಸ್ವಲ್ಪ ಮೆಲ್ಲಗೆ ಉಸಿರಾಡಿ, ನಮಗೂ ಬೆರಳಿದೆ” ಅಂತ ಒಬ್ಬ ಅಂದಾಗ ನಕ್ಕವರಲ್ಲಿ ನಾನೂ ಒಬ್ಬ. ಒಂದು ದಿನ ಅವರು ಕೆಲಸಕ್ಕೆ ಬರಲಿಲ್ಲ. ಊರಿಗೆ ಹೋದರಂತೆ ಅಂದರು. ಯಾರೂ ಮತ್ತೆ ಆ ಮಾತೆತ್ತಲಿಲ್ಲ.

ಹಾಗಾಗಿ ಅಣ್ಣನಿಗೆ ಹೇಳಿದೆ: “ಹಂಗಾದ್ರೆ ಶ್ಯಾಮಣ್ಣ ಹೇಳಿದ್ದು ನಿಜ. ಕೂಗು ಮೊದಲು ಬಂದಿದೆ, ಏಟು ಆಮೇಲೆ. ಬೆಚ್ಚಿಬಿದ್ದೇ ತುಳಿದಿದೀರ.”

ಪದ್ಮಾವತಕ್ಕ ಬಾಗಿಲಲ್ಲಿ ನಿಂತಿದ್ದರು.

“ಹೇಳ್ರೀ” ಅಂದರು. “ಆರು ತಿಂಗ್ಳಿಂದ ನನ್ನ ತಲೆ ತಿಂದಿದೀರಲ್ಲ, ಈಗ ಹೇಳ್ರೀ ಅವನಿಗೆ.”

“ನೀನು ಒಳಕ್ ಹೋಗು.”

“ಹೋಗಲ್ಲ.”

ಅಣ್ಣ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡರು. “ಬೆಚ್ಚೋಕೆ ಕೇಳಿಸ್ಬೇಕಲ್ಲೋ” ಅಂದರು. “ತಗಡು ಕಚ್ಕೊಂಡಿತ್ತು, ತೆಗೆಯೋಕೆ ಕೈ ಒಳಗಿಟ್ಟಿದ್ದೆ. ಕಾಲು ತನ್ ಪಾಡಿಗೆ ಪೆಡಲ್ ಮ್ಯಾಲೆ ಓಯ್ತು. ಆವಮ್ಮ ನೋಡಿ ಕೂಗವ್ಳೆ. ಕೇಳಿಸಿದ್ರೆ ಎಳ್ಕಂಬುಡ್ತಿದ್ದೆ. ಕೇಳಿಸ್ಲಿಲ್ಲ. ತಲೆ ಎತ್ತಿದ್ರೆ ಆವಮ್ಮನ ಬಾಯಿ ತೆರೆದಿತ್ತು, ಸದ್ದೇ ಇರ್ಲಿಲ್ಲ. ಆ ಕೂಗು ನಾನು ಇವತ್ತೇ ಕೇಳಿದ್ದು.”

“ಯಾಕಣ್ಣ ಕೇಳಿಸ್ಲಿಲ್ಲ?”

“ಕಿವೀಲಿ ಇಯರ್‌ಫೋನ್ ಇತ್ತು. ಟೋಪಿ ಒಳಗೆ.”

“ಯಾವತ್ತೂ ಹಾಕ್ಕೊಳ್ತಿರ್ಲಿಲ್ಲ ನೀವು.”

ಅವರು ನೆಲ ನೋಡಿದರು. ಪದ್ಮಾವತಕ್ಕನೂ ನೆಲ ನೋಡಿದರು.

“ಬೆಳಿಗ್ಗೆ ಒಂದು ಹಾಡು ಕಳ್ಸಿದ್ಯಲ್ಲ, ನಿಮ್ಮ ಮೊದಲನೇದು. ಟೀಗೆ ಹೋಗೋವಾಗ ‘ಕೇಳ್ದಾ ಅಣ್ಣ, ಕೇಳ್ದಾ’ ಅಂತ ಎರಡ್ಸಲ ಕೇಳ್ದೆ. ಬಂದು ಮತ್ತೆ ಕೇಳ್ತೀಯ, ಇಲ್ಲ ಅಂದ್ರೆ ಮುಖ ಸಣ್ಣ ಮಾಡ್ಕೊಂತೀಯ ಅಂತ ಹಾಕ್ಕಂಡೆ.”

ದಿವ್ಯಾ, ಇದನ್ನು ಬರೆದು ನಿಲ್ಲಿಸಿ ಹೊರಗೆ ಹೋಗಿ ಬಂದೆ.

ಇಯರ್‌ಫೋನ್ ವಿಷಯ ಗೊತ್ತಾದರೆ ತಪ್ಪು ತನ್ನ ಮೇಲೆ ಬರುತ್ತದೆ, ಪರಿಹಾರ ಸಿಗುವುದಿಲ್ಲ, ಕೆಲಸವೂ ಹೋಗುತ್ತದೆ ಅಂತ ಅಣ್ಣ ಹೆದರಿದರಂತೆ. ನನ್ನ ಮನಸ್ಸಿಗೂ ನೋವು ಬೇಡ ಅಂದುಕೊಂಡರಂತೆ. ಶ್ಯಾಮಣ್ಣನ ಕಥೆ ಸಿದ್ಧವಾಗಿತ್ತು, ಸುಮ್ಮನಿದ್ದುಬಿಟ್ಟರು. ಉಳಿಸಲು ಕೂಗಿದ ಹೆಂಗಸು ಬೆರಳು ತೆಗೆದವಳಾದಳು. ಅವರು ಎಲ್ಲಿದ್ದಾರೋ, ಇವತ್ತಿಗೂ ಹಾಗೇ ನಂಬಿಕೊಂಡಿರಬೇಕು.

ಲಿಖಿತ್


ವರ್ತೂರು
18 ಫೆಬ್ರವರಿ 2025

ಲಿಖಿತ್,

ಹೇಳಬೇಡ ಅಂದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೀನಿ.

ಫೈಲು ಪೂರ್ತಿ ಕೇಳಿದೆ. ಕೂಗು, ಏಟು, ಓಡುವ ಸದ್ದು. ಗಂಡಸರೆಲ್ಲ ಒಟ್ಟಿಗೆ ಮಾತಾಡುತ್ತಾರೆ. ಅದರ ಮಧ್ಯೆ ಒಂದು ಹೆಣ್ಣು ಧ್ವನಿ, ‘ಕೂಗ್ದೆ ಕಣಣ್ಣ, ಕೂಗ್ದೆ ಕಣಣ್ಣ’ ಅಂತ. ನಾನು ಗಲಾಟೆ ಅಂತ ಕತ್ತರಿಸಿ ಎಸೆದ ಭಾಗದಲ್ಲಿ ಅದು ಇತ್ತು. ನನ್ನ ಕಿವಿಯ ಬಗ್ಗೆ ನನಗೆ ಎಷ್ಟು ಜಂಬ ಇತ್ತು ಗೊತ್ತಾ ನಿನಗೆ? ಬೇಕಾದಷ್ಟು ಇಟ್ಟುಕೊಂಡು ಉಳಿದಿದ್ದನ್ನು ಅಳಿಸುವುದೇ ನನ್ನ ಕೆಲಸ ಅಂದುಕೊಂಡಿದ್ದೆ.

ಆ ಮೊದಲನೇ ಹಾಡು ನಿನ್ನೊಬ್ಬನದಲ್ಲ, ನಮ್ಮಿಬ್ಬರದು. ಆ ಇಯರ್‌ಫೋನಿನಲ್ಲಿ ಇದ್ದದ್ದು ನನ್ನ ಧ್ವನಿ. ಈಶ್ವರಮ್ಮನ ಕೂಗನ್ನು ಮುಚ್ಚಿದ್ದು ನಾನು. ಆಮೇಲೆ ಅದೇ ಕೂಗನ್ನು ನಾನೇ ಹಾಡಿಗೆ ಹಾಕಿದೆ.

ನಿನ್ನೆ ವಸಂತ್ ಸಾರ್ ಆಫೀಸಿಗೆ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಒಳ್ಳೆಯ ಮನುಷ್ಯರೇ, ಕಣ್ಣು ಒದ್ದೆಯಾಯಿತು ಅವರದು. ಆಮೇಲೆ ಅಂದರು, “ಮೇಡಂ, ಎಂಥಾ ಸ್ಟೋರಿ! ಇದನ್ನೇ ಲಾಂಚ್‌ನಲ್ಲಿ ಹೇಳೋಣ. ಆವಮ್ಮನ್ನ ಸ್ಟೇಜ್ ಮೇಲೆ ಕರ್ಸಿ ಶಾಲು ಹೊದ್ಸೋಣ.”

ನಾನು “ಸರಿ ಸಾರ್” ಅಂದೆ.

ಅಂದುಬಿಟ್ಟೆ ಲಿಖಿತ್. ಮುಚ್ಚಿಡಬಹುದಿತ್ತು, ಆದರೆ ನಿನ್ನ ರೋಗ ನನಗೂ ಅಂಟಿದೆ. ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು ನಾನು ಯಾವುದಕ್ಕೆ ಸರಿ ಅಂದಿದ್ದು ಅಂತ. ಇಳಿದ ತಕ್ಷಣ ಶಾಲು ಬೇಡ, ಆ ಕಥೆ ಬೇಡ ಅಂತ ಮೆಸೇಜ್ ಹಾಕಿದೆ. ಇನ್ನೂ ಉತ್ತರ ಬಂದಿಲ್ಲ.

22ಕ್ಕೆ ಇಬ್ಬರ ಸಹಿಯೂ ಬೇಕು. ನೀನು ಬರದಿದ್ದರೆ ಕಾಗದ ಇಲ್ಲ. ಬಾ ಅಂತ ಹೇಳಲು ನನಗೆ ಬಾಯಿ ಬರುತ್ತಿಲ್ಲ, ಬರಬೇಡ ಅನ್ನಲೂ ಬರುತ್ತಿಲ್ಲ. ನಿನ್ನೆ ಅಪ್ಪ ಮೇಲಿನ ಕೋಣೆಯನ್ನು ಯಾರಿಗೋ ತೋರಿಸಿದರು. ಬಂದವನು ಕಿಟಕಿಯಿಂದ ಕೆರೆ ನೋಡಿ, ವಾಸನೆ ನೋಡಿ, “ಯೋಚ್ನೆ ಮಾಡಿ ಹೇಳ್ತೀನಿ ಅಂಕಲ್” ಅಂದ.

ದಿವ್ಯಾ


ಟಿ. ದಾಸರಹಳ್ಳಿ
21 ಫೆಬ್ರವರಿ 2025

ದಿವ್ಯಾ,

ಈಶ್ವರಮ್ಮನ ವಿಳಾಸ ಸಿಕ್ಕಿತು. ಪದ್ಮಾವತಕ್ಕ ಅವರ ಹಳೇ ಬಾಡಿಗೆ ಮನೆಯ ಅಕ್ಕಪಕ್ಕ ಕೇಳಿ ಹುಡುಕಿದರು. ಮಧುಗಿರಿ ಹತ್ತಿರದ ಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದಾರಂತೆ. ಫೋನ್ ಮಾಡಿದೆ. ತಂಗಿ ಎತ್ತಿದರು. ಪೀಣ್ಯದಿಂದ ಅಂದ ಕೂಡಲೇ, “ಅಕ್ಕ ಆ ಕಡೆ ಮಾತು ಆಡಾಕಿಲ್ಲ ಕಣಪ್ಪ. ಯಾರಾದ್ರೂ ಪೀಣ್ಯ ಅಂದ್ರೆ, ‘ನಾನು ಒಬ್ಬನ ಕೈ ತೆಗ್ದೆ’ ಅಂತವ್ಳೆ, ಎದ್ದು ಓಗ್ತವ್ಳೆ” ಅಂದರು. ಅಕ್ಕ ತಪ್ಪು ಮಾಡಿಲ್ಲ ಅಂತ ಫೋನಿನಲ್ಲೇ ಹೇಳಲು ಹೋದೆ. ಅಷ್ಟರಲ್ಲಿ ಇಟ್ಟುಬಿಟ್ಟರು. ಇಂಥದ್ದನ್ನು ಬೇರೆಯವರ ಕೈಯಲ್ಲಿ ಹೇಳಿಕಳಿಸಬಾರದು ಅಂತ ಆಮೇಲೆ ಅನ್ನಿಸಿತು.

ನಿನ್ನೆ ಊಟದ ಹೊತ್ತಿನಲ್ಲಿ ಅಮರಪ್ಪಣ್ಣ ಸ್ಟೋರಿನಿಂದ ಎದ್ದು ಬಂದು ಎಲ್ಲರ ಮಧ್ಯೆ ನಿಂತರು. “ಅವತ್ತು ನನ್ ಕಿವೀಲಿ ಇಯರ್‌ಫೋನ್ ಇತ್ತು. ಈಶ್ವರಮ್ಮ ಕೂಗಿದ್ದು ನನ್ನ ಉಳ್ಸೋಕೆ” ಅಂದರು. ಅಷ್ಟೇ ಹೇಳಿದ್ದು. ಯಾರೂ ಅಗಿಯಲಿಲ್ಲ. ಮೆಲ್ಲಗೆ ಉಸಿರಾಡಿ ಅಂತ ಆಗ ಹಾಸ್ಯ ಮಾಡಿದ್ದವನು ಡಬ್ಬಿ ಮುಚ್ಚಿ ಹೊರಗೆ ಹೋದ. ಶ್ಯಾಮಣ್ಣ ಮಾತ್ರ, “ಮುಗ್ದೋಗಿದ್ದನ್ನ ಯಾಕ್ರೀ ಕೆದಕ್ತೀರಾ? ನಿಮಗೇ ತೊಂದ್ರೆ” ಅಂದ. “ಆಗ್ಲಿ ಬಿಡಿ ಶ್ಯಾಮಣ್ಣ, ಎರಡು ಬೆರಳಿಗಿಂತ ಜಾಸ್ತಿ ಏನು ಓಯ್ತದೆ” ಅಂದರು ಅಣ್ಣ. ಸಂಜೆ ಓನರ್ ಅವರನ್ನು ಒಳಗೆ ಕರೆದರು. ಸೋಮವಾರದಿಂದ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ. ಅವರ ಫೋನು ಈಗ ಬರೀ ಟ್ರಿಂಗ್ ಅನ್ನುತ್ತದೆ.

ವಸಂತ್ ಸಾರ್‌ಗೆ ಮೇಲ್ ಹಾಕಿದ್ದೇನೆ. ಆ ಕೂಗು ನನ್ನದಲ್ಲ, ದಿವ್ಯಾಳದೂ ಅಲ್ಲ, ಯಾರದೋ ಅವರನ್ನು ಇನ್ನೂ ಕೇಳಿಲ್ಲ, ಆದ್ದರಿಂದ ಸಹಿ ಹಾಕುವುದಿಲ್ಲ ಅಂತ. ನಿನ್ನನ್ನು ಕೇಳದೆ ಹಾಕಿದೆ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆಯೋ ಏನೋ, ಆಗ ನನಗೆ ಕಷ್ಟವಾಗುತ್ತಿತ್ತು. ಈ ಕಾಗದ ಇಲ್ಲದಿದ್ದರೆ ನಿನಗೆ ಆ ಕೋಣೆ ಇಲ್ಲ ಅಂತ ಗೊತ್ತು. ಗೊತ್ತಿದ್ದೂ ಮಾಡಿದ್ದೇನೆ. ನನ್ನ ಮೇಲೆ ಸಿಟ್ಟಿದ್ದರೆ ಅದು ಸರಿಯಾಗಿಯೇ ಇದೆ.

ಈಶ್ವರಮ್ಮನ ಮುಂದೆ ಮೊದಲು ಮಾತಾಡುವುದು ಅಣ್ಣ. ಅವರು ಹೇಳಿ ಮುಗಿಸುವವರೆಗೆ ನಾನು ಹಾಡಿನ ಮಾತೆತ್ತುವುದಿಲ್ಲ. ಆಮೇಲೆ ಎರಡನ್ನೂ ಕೇಳಿಸುತ್ತೇನೆ, ಫೈಲನ್ನೂ ಹಾಡನ್ನೂ. ಬಕೆಟ್ ಸುರಿದುಕೊಳ್ಳುವ ರೀಲ್ಸನ್ನೂ ತೋರಿಸಬೇಕು, ಅದನ್ನು ಮುಚ್ಚಿಟ್ಟು ಒಪ್ಪಿಗೆ ಕೇಳಿದರೆ ಅದು ಕೇಳಿದ ಹಾಗಲ್ಲ. ಈಶ್ವರಮ್ಮ ತೆಗಿ ಅಂದರೆ ನೀನು ಹಾಡನ್ನು ಎಲ್ಲ ಕಡೆಯಿಂದ ಇಳಿಸಬೇಕು. ನನ್ನ ಮುಖಕ್ಕೆ ಉಗಿದರೂ ಹಾಗೇ ಬರೆದು ತಿಳಿಸುತ್ತೇನೆ.

ಲಾಂಚ್‌ಗೆ ನಾನು ಬರುವುದಿಲ್ಲ. ನಾಳೆ ಬೆಳಿಗ್ಗೆ ಅಮರಪ್ಪಣ್ಣನೂ ನಾನೂ ಮಧುಗಿರಿ ಬಸ್ಸಿಗೆ ಹೊರಡುತ್ತೇವೆ.

ಲಿಖಿತ್